ಬ್ಯಾಕಪ್ ಇದೆ, ಆದ್ರೆ ತೆರೆಯಲ್ಲ: ಡೇಟಾಬೇಸ್ ಎಡಿಷನ್ ಆರಿಸೋ ಮುಂಚೆ ಗೊತ್ತಿರಬೇಕಾದ್ದು



ಮೂರನೇ ಸೆಮ್ ಶುರುವಾದಾಗ ಸಂಘದ ರೂಮಿನ ಬೀರು ಕ್ಲೀನ್ ಮಾಡೋ ಕೆಲಸ ನಮ್ಮ ನಾಲ್ಕು ಜನರ ತಲೆಗೆ ಬಿತ್ತು. ಹಳೇ ಬ್ಯಾನರ್, ಮುರಿದ ಮೈಕ್ ಸ್ಟ್ಯಾಂಡ್, ಯಾರದ್ದೋ ಲ್ಯಾಬ್ ರೆಕಾರ್ಡ್ ಇವೆಲ್ಲದರ ಕೆಳಗೆ ಒಂದು ಹಾರ್ಡ್‌ಡಿಸ್ಕ್ ಸಿಕ್ತು. ಅದರ ಮೇಲೆ ಪೇಪರ್ ಟೇಪ್ ಅಂಟಿಸಿ ‘ಭಿತ್ತಿಪತ್ರಿಕೆ ಬ್ಯಾಕಪ್, ಅಳಿಸಬೇಡಿ’ ಅಂತ ಸ್ಕೆಚ್ ಪೆನ್ನಲ್ಲಿ ಬರೆದಿತ್ತು.

ವಿಚಾರಿಸಿದಾಗ ವಿಷಯ ಗೊತ್ತಾಯ್ತು. ನಮ್ಮ ಸಂಘದ ಹಿಂದಿನ ಬ್ಯಾಚ್‌ಗಳು ಕೈಬರಹದಲ್ಲಿ ಭಿತ್ತಿಪತ್ರಿಕೆ ಮಾಡಿ ಕಾರಿಡಾರ್‌ನಲ್ಲಿ ಅಂಟಿಸ್ತಿದ್ದರು. ಕವನ, ನಗೆಹನಿ, ಪರೀಕ್ಷೆ ಮೇಲಿನ ಕೋಪ, ಮೆಸ್ ಊಟದ ಮೇಲಿನ ದೂರು, ಎಲ್ಲ ಇತ್ತಂತೆ. ಮೂರು ವರ್ಷದ ಹಿಂದೆ ಒಬ್ಬ ಸೀನಿಯರ್ ಅಕ್ಕ ಆ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಂದು ಡೇಟಾಬೇಸ್‌ಗೆ ಹಾಕಿದ್ದರು. ಸಂಘದ ಲೈಬ್ರರಿ ಪುಸ್ತಕಗಳ ಪಟ್ಟಿಯೂ ಅದರಲ್ಲೇ ಇತ್ತು. ಆಮೇಲಿನ ಮಳೆಗಾಲದಲ್ಲಿ ಬೀರುವಿಗೆ ನೀರು ಇಳಿದು, ಒರಿಜಿನಲ್ ಹಾಳೆಗಳಲ್ಲಿ ಮುಕ್ಕಾಲು ಭಾಗ ಹೋಯ್ತು. ಅಕ್ಕ ಪಾಸಾಗಿ ಕೆಲಸಕ್ಕೆ ಸೇರಿ, ಹಳೇ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ತಮ್ಮನಿಗೆ ಕೊಟ್ಟಾಗಿತ್ತು. ಅಂದ್ರೆ ಆ ಹಾಳೆಗಳು ಉಳಿದಿದ್ದು ನಮ್ಮ ಕೈಯಲ್ಲಿದ್ದ ಡಿಸ್ಕಿನ ಒಂದೇ ಒಂದು ಫೈಲಿನಲ್ಲಿ.

ಆ ಫೈಲನ್ನು ತೆರೆಯೋಕೆ ನಮಗೆ ಒಂಬತ್ತು ದಿನ ಬೇಕಾಯ್ತು. ಫೈಲ್ ಕೆಟ್ಟಿರಲಿಲ್ಲ. ನಾವು ಆರಿಸಿಕೊಂಡ ಸಾಫ್ಟ್‌ವೇರ್ ಎಡಿಷನ್ ತಪ್ಪಾಗಿತ್ತು. ಮಿನಿ ಪ್ರಾಜೆಕ್ಟ್ ಮಾಡೋ ಎಲ್ಲರಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತೆ. ಅದಕ್ಕೇ ನಾವು ಕಲಿತದ್ದನ್ನ ಇಲ್ಲಿ ಬರೆದಿದ್ದೀವಿ.

ವರ್ಷನ್ ಬೇರೆ, ಎಡಿಷನ್ ಬೇರೆ

ಅಕ್ಕ ಬಳಸಿದ್ದು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್. ಇದರಲ್ಲಿ ಎರಡು ಪದ ನಮ್ಮನ್ನ ಮೊದಲು ಗೊಂದಲಕ್ಕೆ ಹಾಕಿದವು.

ವರ್ಷನ್ ಅಂದ್ರೆ ಯಾವ ತಲೆಮಾರು ಅಂತ: 2017, 2019, 2022, 2025. ಒಳಗಡೆ ಇವಕ್ಕೆ ನಂಬರ್ ಇರುತ್ತೆ. 2017 ಅಂದ್ರೆ 14, 2019 ಅಂದ್ರೆ 15, 2022 ಅಂದ್ರೆ 16, 2025 ಅಂದ್ರೆ 17.

ಎಡಿಷನ್ ಅಂದ್ರೆ ಅದೇ ವರ್ಷನ್‌ನ ಬೇರೆ ಬೇರೆ ಪ್ಯಾಕ್: ಎಕ್ಸ್‌ಪ್ರೆಸ್, ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್, ಡೆವಲಪರ್. ಒಂದೇ ಬಸ್ಸಿನಲ್ಲಿ ಪಾಸ್ ಇಟ್ಟುಕೊಂಡವರು, ಟಿಕೆಟ್ ತಗೊಂಡವರು ಇಬ್ಬರೂ ಇದ್ದ ಹಾಗೆ. ಎಂಜಿನ್ ಒಂದೇ, ನಿಮಗೆ ಎಲ್ಲಿವರೆಗೆ ಹೋಗೋಕೆ ಅನುಮತಿ ಅನ್ನೋದು ಮಾತ್ರ ಬೇರೆ.

ಬ್ಯಾಕಪ್ ವಿಷಯದಲ್ಲಿ ಈ ಎರಡೂ ಬೇರೆ ಬೇರೆ ರೀತಿ ಕೈಕೊಡ್ತವೆ. ನಮಗೆ ಎರಡೂ ಕೊಟ್ಟವು.

ಮೊದಲ ಗೋಡೆ: ವರ್ಷನ್

ಲ್ಯಾಬ್‌ನ ಒಂದು ಸಿಸ್ಟಂನಲ್ಲಿ 2017ರ ಎಕ್ಸ್‌ಪ್ರೆಸ್ ಇತ್ತು. ಡಿಸ್ಕ್ ಹಾಕಿ, ರಿಸ್ಟೋರ್ ಒತ್ತಿದೆವು. 3169 ಅನ್ನೋ ಎರರ್ ಬಂತು. ಈ ಬ್ಯಾಕಪ್ ತೆಗೆದ ಸರ್ವರ್‌ನ ವರ್ಷನ್ 15, ನಿಮ್ಮದು 14, ಹೊಂದಿಕೆ ಆಗಲ್ಲ ಅನ್ನೋದು ಅದರ ಸಾರಾಂಶ.

ನಿಯಮ ಸರಳ: ಹಳೇ ವರ್ಷನ್‌ನ ಬ್ಯಾಕಪ್ ಹೊಸದರಲ್ಲಿ ತೆರೆಯುತ್ತೆ, ಹೊಸದರ ಬ್ಯಾಕಪ್ ಹಳೇದರಲ್ಲಿ ತೆರೆಯಲ್ಲ. ದುಡ್ಡು ಕೊಟ್ಟ ಎಡಿಷನ್ ಇದ್ದರೂ ಈ ನಿಯಮ ಬದಲಾಗಲ್ಲ. ಇನ್ನೂ ಒಂದಿದೆ. ಒಂದು ಸಲ ಹೊಸ ವರ್ಷನ್‌ನಲ್ಲಿ ರಿಸ್ಟೋರ್ ಮಾಡಿದ ಡೇಟಾಬೇಸ್‌ನಿಂದ ಮತ್ತೆ ಬ್ಯಾಕಪ್ ತೆಗೆದು ಹಳೇದಕ್ಕೆ ಹಾಕೋಕಾಗಲ್ಲ. ಅದಕ್ಕೆ ಒರಿಜಿನಲ್ ಬ್ಯಾಕಪ್ ಫೈಲನ್ನ ಮುಟ್ಟದೆ, ಕಾಪಿ ಮಾಡಿಕೊಂಡು ಕೆಲಸ ಮಾಡಿ. ನಾವೂ ಮೊದಲು ಹಾಗೇ ಮಾಡಿದೆವು. ಜಾಣತನದಿಂದಲ್ಲ, ಭಯದಿಂದ.

ಎರಡನೇ ಗೋಡೆ: ಎಡಿಷನ್

ಸಂಘದ ಪಿಸಿಯಲ್ಲಿ 2022ರ ಎಕ್ಸ್‌ಪ್ರೆಸ್ ಹಾಕಿದೆವು. ಉಚಿತ, ಡೌನ್‌ಲೋಡ್ ಸುಲಭ, ಯಾರನ್ನೂ ಕೇಳಬೇಕಿಲ್ಲ. ಮತ್ತೆ ರಿಸ್ಟೋರ್ ಒತ್ತಿದೆವು. ಈ ಸಲ 1827. ಡೇಟಾಬೇಸ್‌ನ ಒಟ್ಟು ಗಾತ್ರ ನಿಮ್ಮ ಲೈಸೆನ್ಸ್‌ನ ಮಿತಿಯಾದ 10240 ಎಂಬಿ ದಾಟುತ್ತೆ ಅಂತ.

10240 ಎಂಬಿ ಅಂದ್ರೆ 10 ಜಿಬಿ. 2008ರ ಆರ್2 ವರ್ಷನ್‌ನಿಂದ 2022ರವರೆಗೂ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ ಇದೇ ಮಿತಿ. ಅದಕ್ಕೂ ಮುಂಚೆ 4 ಜಿಬಿ ಇತ್ತು. 2025ರ ಎಕ್ಸ್‌ಪ್ರೆಸ್‌ನಲ್ಲಿ 50 ಜಿಬಿಗೆ ಏರಿಸಿದ್ದಾರೆ, ಆದ್ದರಿಂದ ಹೊಸದಾಗಿ ಶುರು ಮಾಡೋರು ಅದನ್ನ ನೋಡಬಹುದು. ನಮ್ಮ ಪಿಸಿಯಲ್ಲಿ ಆಗ ಇದ್ದದ್ದು 2022.

ಇಲ್ಲಿ ಇನ್ನೊಂದು ಮೋಸ ಹೋಗೋ ಜಾಗ ಇದೆ. ಈ 10 ಜಿಬಿ ಲೆಕ್ಕ ಡೇಟಾ ಫೈಲಿನ ಗಾತ್ರದ ಮೇಲೆ. ಲಾಗ್ ಫೈಲ್ ಲೆಕ್ಕಕ್ಕೆ ಬರಲ್ಲ. ಆದ್ರೆ ಯಾರೋ ಮೊದಲೇ 12 ಜಿಬಿ ಜಾಗ ಮೀಸಲಿಟ್ಟು, ಒಳಗೆ 3 ಜಿಬಿ ಮಾತ್ರ ತುಂಬಿದ್ದರೂ ಎಕ್ಸ್‌ಪ್ರೆಸ್ ಬೇಡ ಅನ್ನುತ್ತೆ. ಬ್ಯಾಕಪ್ ಫೈಲ್ ನೋಡೋಕೆ ಚಿಕ್ಕದಿದೆ ಅಂತ ನಂಬಬೇಡಿ. ಬ್ಯಾಕಪ್‌ನಲ್ಲಿ ಖಾಲಿ ಜಾಗ ಬರಲ್ಲ, ಕಂಪ್ರೆಸ್ ಕೂಡ ಆಗಿರಬಹುದು. ರಿಸ್ಟೋರ್ ಆದಾಗ ಮಾತ್ರ ಅದು ಪೂರ್ತಿ ಗಾತ್ರಕ್ಕೆ ಹಿಗ್ಗುತ್ತೆ.

ರಿಸ್ಟೋರ್ ಮಾಡೋ ಮುಂಚೆನೇ ಇದನ್ನೆಲ್ಲ ತಿಳ್ಕೊಳ್ಳೋಕೆ ಎರಡು ಕಮಾಂಡ್ ಇವೆ. ‘ರಿಸ್ಟೋರ್ ಹೆಡರ್‌ಓನ್ಲಿ’ ಅಂದ್ರೆ ಬ್ಯಾಕಪ್ ಯಾವ ವರ್ಷನ್‌ನಲ್ಲಿ, ಯಾವತ್ತು ತೆಗೆದದ್ದು ಅಂತ ತೋರಿಸುತ್ತೆ. ‘ರಿಸ್ಟೋರ್ ಫೈಲ್‌ಲಿಸ್ಟ್‌ಓನ್ಲಿ’ ಅಂದ್ರೆ ಒಳಗಿನ ಪ್ರತಿ ಫೈಲು ಹಿಗ್ಗಿದ ಮೇಲೆ ಎಷ್ಟು ದೊಡ್ಡದು ಅಂತ ತೋರಿಸುತ್ತೆ. ಎರಡೂ ಸೇರಿ ಒಂದು ನಿಮಿಷದ ಕೆಲಸ. ಇವು ಮೊದಲೇ ಗೊತ್ತಿದ್ದರೆ ನಮ್ಮ ಆರು ದಿನ ಉಳೀತಿತ್ತು.

ಕೊನೆಗೆ ಅಕ್ಕನಿಗೇ ಫೋನ್ ಮಾಡಿದೆವು. “ಏನ್ರೋ, ಎಕ್ಸ್‌ಪ್ರೆಸ್‌ನಲ್ಲಿ ಹಾಕ್ತಿದ್ದೀರಾ? ನಾನು ಮಾಡಿದ್ದು ಡೆವಲಪರ್ ಎಡಿಷನ್‌ನಲ್ಲಿ ಕಣ್ರೋ” ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದಿಡಬೇಕಿತ್ತು ನಾನು” ಅಂದ್ರು.

ಯಾವ ಎಡಿಷನ್ ಏನು ಕೊಡುತ್ತೆ?

ಬ್ಯಾಕಪ್ ಮತ್ತು ಡೇಟಾ ಇಂಪೋರ್ಟ್, ಈ ಎರಡು ಕೆಲಸದ ದೃಷ್ಟಿಯಿಂದ ಮಾತ್ರ ನೋಡೋಣ.

ಎಕ್ಸ್‌ಪ್ರೆಸ್: ಉಚಿತ, ನಿಜವಾದ ಬಳಕೆಗೂ ಹಾಕಬಹುದು. 2022ರವರೆಗೆ ಗಾತ್ರದ ಮಿತಿ 10 ಜಿಬಿ. ಒಂದು ಸಾಕೆಟ್ ಅಥವಾ ನಾಲ್ಕು ಕೋರ್, ಯಾವುದು ಕಡಿಮೆಯೋ ಅಷ್ಟೇ ಬಳಸುತ್ತೆ. ಡೇಟಾ ಇಟ್ಟುಕೊಳ್ಳೋ ಬಫರ್ ಮೆಮೊರಿ 1410 ಎಂಬಿ. ಬ್ಯಾಕಪ್ ಕಮಾಂಡ್ ಪೂರ್ತಿ ಕೆಲಸ ಮಾಡುತ್ತೆ, ಆದ್ರೆ ಕಂಪ್ರೆಸ್ ಮಾಡಿದ ಬ್ಯಾಕಪ್ ತೆಗೆಯೋಕೆ ಬಿಡಲ್ಲ. ಬೇರೆಯವರು ಕಂಪ್ರೆಸ್ ಮಾಡಿದ್ದನ್ನ ರಿಸ್ಟೋರ್ ಮಾಡೋಕೆ ಬಿಡುತ್ತೆ. ಮುಖ್ಯವಾಗಿ ‘ಎಸ್‌ಕ್ಯೂಎಲ್ ಸರ್ವರ್ ಏಜೆಂಟ್’ ಇಲ್ಲ. ದಿನಾ ಇಂಥ ಹೊತ್ತಿಗೆ ಬ್ಯಾಕಪ್ ತೆಗಿ ಅಂತ ಹೇಳಿದರೆ ತಾನೇ ಮಾಡೋ ಕೆಲಸಗಾರ ಈ ಏಜೆಂಟ್. ಇಂಪೋರ್ಟ್ ವಿಝಾರ್ಡ್ ಓಡುತ್ತೆ, ಆದ್ರೆ ನೀವು ಮಾಡಿದ ಸೆಟ್ಟಿಂಗನ್ನ ಪ್ಯಾಕೇಜ್ ಆಗಿ ಸೇವ್ ಮಾಡಿ ಮುಂದಿನ ತಿಂಗಳು ಮತ್ತೆ ಓಡಿಸೋಕೆ ಆಗಲ್ಲ.

ಸ್ಟ್ಯಾಂಡರ್ಡ್: ದುಡ್ಡು ಕೊಡಬೇಕು. ಏಜೆಂಟ್ ಇದೆ, ಕಂಪ್ರೆಸ್ಡ್ ಬ್ಯಾಕಪ್ ಇದೆ, ಇಂಪೋರ್ಟ್ ಪ್ಯಾಕೇಜ್ ಸೇವ್ ಆಗುತ್ತೆ, 10 ಜಿಬಿ ಚಿಂತೆ ಇಲ್ಲ.

ಎಂಟರ್‌ಪ್ರೈಸ್: ಎಲ್ಲವೂ ಇದೆ. ನಮ್ಮಂಥವರಿಗೆ ಬೆಲೆ ಕೇಳೋ ಧೈರ್ಯವೂ ಬೇಡ.

ಡೆವಲಪರ್: ಉಚಿತ. 2022ರಲ್ಲಿ ಇದು ಎಂಟರ್‌ಪ್ರೈಸ್‌ನ ಎಲ್ಲ ಸೌಲಭ್ಯ ಕೊಡುತ್ತೆ. 2025ರಲ್ಲಿ ಇದನ್ನೇ ಸ್ಟ್ಯಾಂಡರ್ಡ್ ಡೆವಲಪರ್, ಎಂಟರ್‌ಪ್ರೈಸ್ ಡೆವಲಪರ್ ಅಂತ ಎರಡು ಮಾಡಿದ್ದಾರೆ. ಷರತ್ತು ಒಂದೇ: ಕಟ್ಟೋಕೆ, ಪರೀಕ್ಷೆ ಮಾಡೋಕೆ ಮಾತ್ರ. ಜನ ನಿಜವಾಗಿ ಬಳಸೋ ವ್ಯವಸ್ಥೆಯನ್ನ ಅದರ ಮೇಲೆ ಓಡಿಸೋ ಹಾಗಿಲ್ಲ.

ಈ ಕೊನೇ ಷರತ್ತನ್ನ ನಮ್ಮ ಪೈಕಿ ಒಬ್ಬ ತಳ್ಳಿಹಾಕಿದ. “ಸಂಘದ ಲೈಬ್ರರಿ ಏನು ಬ್ಯಾಂಕಾ? ಯಾರು ಬಂದು ಚೆಕ್ ಮಾಡ್ತಾರೆ?” ಅಂತ. ನಾವು ತುಂಬಾ ಹೊತ್ತು ವಾದ ಮಾಡಿದೆವು. ಯಾರೂ ಚೆಕ್ ಮಾಡಲ್ಲ, ನಿಜ. ಆದ್ರೆ ದಿನಾ ಹುಡುಗರು ಬಂದು ಪುಸ್ತಕ ತಗೊಂಡು ಹೋಗೋ ವ್ಯವಸ್ಥೆ ಅದು, ಪರೀಕ್ಷೆ ಅಲ್ಲ. ಅದೂ ಅಲ್ಲದೆ, ಅಕ್ಕ ಡೆವಲಪರ್‌ನಲ್ಲಿ ಮಾಡಿದ್ದಕ್ಕೇ ನಾವು ಸಿಕ್ಕಿಹಾಕಿಕೊಂಡಿದ್ದು. ನಮ್ಮ ಲ್ಯಾಪ್‌ಟಾಪಲ್ಲಿ ಹಾಯಾಗಿ ಓಡೋದು, ಕೊನೆಗೆ ಇಡಬೇಕಾದ ಜಾಗದಲ್ಲಿ ಓಡದೇ ಹೋದರೆ ಏನು ಬಂತು? ಅದಕ್ಕೆ ತೀರ್ಮಾನ ಮಾಡಿದೆವು: ಬಿಡಿಸೋಕೆ ಡೆವಲಪರ್, ಇಡೋಕೆ ಎಕ್ಸ್‌ಪ್ರೆಸ್.

13 ಜಿಬಿಯನ್ನ ಇಳಿಸಿದ್ದು

ಲ್ಯಾಪ್‌ಟಾಪಲ್ಲಿ 2022ರ ಡೆವಲಪರ್ ಹಾಕಿ ರಿಸ್ಟೋರ್ ಮಾಡಿದೆವು. ಅರ್ಧ ಗಂಟೆ ಬಿಟ್ಟು ನೂರು ಪರ್ಸೆಂಟ್ ಅಂತ ಬಂತು. ಮೊದಲು ತೆರೆದ ಚಿತ್ರದಲ್ಲಿ ಯಾರೋ ನೀಲಿ ಇಂಕಲ್ಲಿ ವೈವಾ ಬಗ್ಗೆ ಕವನ ಬರೆದಿದ್ದರು. ಅಕ್ಷರ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು.

ಒಳಗೆ ನೋಡಿದರೆ ಸ್ಕ್ಯಾನ್ ಮಾಡಿದ ಸುಮಾರು 2,300 ಪುಟ. ಒಂದೊಂದು ಐದೂವರೆ ಎಂಬಿ ಆಸುಪಾಸು. ಗುಣಿಸಿದರೆ ಹನ್ನೆರಡೂವರೆ ಜಿಬಿ ದಾಟುತ್ತೆ. ಪುಸ್ತಕದ ಪಟ್ಟಿಯಲ್ಲಿ 1,840 ಸಾಲು. ಒಂದು ಸಾಲಿಗೆ ಒಂದು ಕೆಬಿ ಅಂದ್ರೂ ಎರಡು ಎಂಬಿ ಆಗಲ್ಲ! ಅಂದ್ರೆ ನಮ್ಮ ಡೇಟಾಬೇಸ್ ದೊಡ್ಡದಾಗಿರಲಿಲ್ಲ, ಅದರೊಳಗೆ ತುಂಬಿಟ್ಟ ಚಿತ್ರಗಳು ದೊಡ್ಡವಾಗಿದ್ದವು.

ಇಲ್ಲಿ ಎರಡು ದಾರಿ ಇದ್ದವು. ಒಂದು, ‘ಫೈಲ್‌ಸ್ಟ್ರೀಮ್’ ಅನ್ನೋ ಸೌಲಭ್ಯ. ಚಿತ್ರಗಳು ಡಿಸ್ಕಿನಲ್ಲಿ ಬೇರೆ ಫೈಲುಗಳಾಗಿ ಕೂರುತ್ತವೆ, ಆದ್ರೆ ಡೇಟಾಬೇಸ್‌ನ ಭಾಗವಾಗಿಯೇ ಇರುತ್ತವೆ. ಎಕ್ಸ್‌ಪ್ರೆಸ್‌ನಲ್ಲೂ ಇದು ಸಿಗುತ್ತೆ, 10 ಜಿಬಿ ಲೆಕ್ಕಕ್ಕೂ ಬರಲ್ಲ. ಬ್ಯಾಕಪ್ ತೆಗೆದರೆ ಚಿತ್ರಗಳೂ ಜೊತೆಗೆ ಬರ್ತವೆ. ಎರಡನೆಯದು, ಚಿತ್ರಗಳನ್ನ ಮಾಮೂಲಿ ಫೋಲ್ಡರ್‌ನಲ್ಲಿಟ್ಟು, ಟೇಬಲ್‌ನಲ್ಲಿ ಫೈಲಿನ ಹೆಸರು ಮಾತ್ರ ಬರೆದಿಡೋದು.

ನಾವು ಎರಡನೆಯದನ್ನ ಆರಿಸಿದೆವು. ಕಾರಣ ಇಷ್ಟೇ: ಹಳೇ ಭಿತ್ತಿಪತ್ರಿಕೆ ಇನ್ನು ಬದಲಾಗಲ್ಲ. ಬದಲಾಗದ 12 ಜಿಬಿಯನ್ನ ಪ್ರತಿ ಪೂರ್ತಿ ಬ್ಯಾಕಪ್‌ನಲ್ಲೂ, ಅದೂ ಕಂಪ್ರೆಷನ್ ಇಲ್ಲದ ಎಕ್ಸ್‌ಪ್ರೆಸ್‌ನಲ್ಲಿ, ಮತ್ತೆ ಮತ್ತೆ ಬರೆಯೋದು ಯಾಕೆ? ಆದ್ರೆ ಈ ದಾರಿಗೆ ಒಂದು ಬೆಲೆ ಇದೆ. ಇನ್ನು ಮೇಲೆ ಡೇಟಾಬೇಸ್ ಬ್ಯಾಕಪ್ ಒಳಗೆ ಚಿತ್ರ ಇರಲ್ಲ. ಫೋಲ್ಡರನ್ನ ಬೇರೆಯಾಗಿ ಕಾಪಿ ಮಾಡಿಡಬೇಕು. ಇದನ್ನ ಮರೆತವನಿಗೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಬರೆದು ಚಿತ್ರಗಳನ್ನ ಹೊರಗೆ ತೆಗೆದೆವು. ಸಾಲಿನ ಸಂಖ್ಯೆ, ಫೈಲಿನ ಸಂಖ್ಯೆ ಎರಡೂ ತಾಳೆ ನೋಡಿದೆವು. ಹಳೇ ಡೇಟಾಬೇಸ್‌ನಿಂದ ಚಿತ್ರದ ಕಾಲಂ ಅಳಿಸಿ, ಫೈಲ್ ಕುಗ್ಗಿಸೋ ತಲೆನೋವು ಬೇಡ ಅಂತ, ಹೊಸ ಖಾಲಿ ಡೇಟಾಬೇಸ್ ಮಾಡಿ ಅಕ್ಷರ ಇದ್ದ ಟೇಬಲ್‌ಗಳನ್ನ ಮಾತ್ರ ಅದಕ್ಕೆ ಎತ್ತಿ ಹಾಕಿದೆವು. ಅದರ ಬ್ಯಾಕಪ್ ತೆಗೆದು ಸಂಘದ ಪಿಸಿಯ ಎಕ್ಸ್‌ಪ್ರೆಸ್‌ನಲ್ಲಿ ರಿಸ್ಟೋರ್ ಮಾಡಿದರೆ, ಕೆಲವೇ ಸೆಕೆಂಡಲ್ಲಿ ಆಯ್ತು.

ಡೆವಲಪರ್‌ನಿಂದ ಎಕ್ಸ್‌ಪ್ರೆಸ್‌ಗೆ ಇಳಿಸುವಾಗ ಗಾತ್ರ ಒಂದೇ ತೊಡಕಲ್ಲ. ಎಂಟರ್‌ಪ್ರೈಸ್‌ಗೆ ಮಾತ್ರ ಇರೋ ಸೌಲಭ್ಯ ಯಾವುದಾದರೂ ಡೇಟಾಬೇಸ್‌ನೊಳಗೆ ಬಳಕೆಯಲ್ಲಿದ್ದರೆ, ಚಿಕ್ಕ ಎಡಿಷನ್‌ನಲ್ಲಿ ಅದು ಏಳೋದೇ ಇಲ್ಲ. 2016ರ ಸರ್ವಿಸ್ ಪ್ಯಾಕ್ 1ರಿಂದ ಪಾರ್ಟಿಷನಿಂಗ್, ಡೇಟಾ ಕಂಪ್ರೆಷನ್ ತರಹದ ತುಂಬಾ ಸೌಲಭ್ಯಗಳನ್ನ ಎಕ್ಸ್‌ಪ್ರೆಸ್‌ಗೂ ಕೊಟ್ಟಿದ್ದರಿಂದ ಈ ಕಾಟ ಕಡಿಮೆಯಾಗಿದೆ.

ಏಜೆಂಟ್ ಇಲ್ಲದೆ ದಿನಾ ಬ್ಯಾಕಪ್

ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ ಇಲ್ಲ ಅಂದ ಮಾತ್ರಕ್ಕೆ ಕೈ ಕಟ್ಟಿ ಕೂರಬೇಕಿಲ್ಲ. ಬ್ಯಾಕಪ್ ಕಮಾಂಡನ್ನ ಒಂದು ಫೈಲಲ್ಲಿ ಬರೆದು, ‘ಎಸ್‌ಕ್ಯೂಎಲ್‌ಸಿಎಂಡಿ’ ಅನ್ನೋ ಟೂಲ್ ಮೂಲಕ ಓಡಿಸಬಹುದು. ಅದನ್ನ ದಿನಾ ಓಡಿಸೋ ಕೆಲಸ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ದು.

ನಾವು ಮೊದಲು ಇಟ್ಟ ಟೈಮ್ ರಾತ್ರಿ 2 ಗಂಟೆ. ಎಲ್ಲ ಕಡೆ ಹಾಗೇ ಮಾಡ್ತಾರಲ್ಲ ಅಂತ. ಒಂದು ವಾರ ಬಿಟ್ಟು ನೋಡಿದರೆ ಒಂದೂ ಬ್ಯಾಕಪ್ ಇಲ್ಲ. ರಾತ್ರಿ ಸಂಘದ ರೂಮಿನ ಮೇನ್ ಸ್ವಿಚ್ ಆಫ್ ಮಾಡ್ತಾರೆ! ಈಗ ಸಂಜೆ 4:15ಕ್ಕೆ ಇಟ್ಟಿದ್ದೀವಿ. ಜೊತೆಗೆ, ಟೈಮ್ ತಪ್ಪಿದರೆ ಪಿಸಿ ಆನ್ ಆದ ತಕ್ಷಣ ಓಡಿಸು ಅನ್ನೋ ಆಯ್ಕೆಗೂ ಟಿಕ್ ಹಾಕಿದ್ದೀವಿ.

ಫೈಲಿನ ಹೆಸರಲ್ಲಿ ವಾರದ ಹೆಸರಿದೆ. ಸೋಮವಾರದ್ದು ಮುಂದಿನ ಸೋಮವಾರ ಅಳಿಸಿ ಬರೆಯುತ್ತೆ. ಹಾಗಾಗಿ ಯಾವಾಗಲೂ ಏಳಕ್ಕಿಂತ ಹೆಚ್ಚು ಫೈಲ್ ಇರಲ್ಲ, ಡಿಸ್ಕ್ ತುಂಬಲ್ಲ. ಬ್ಯಾಕಪ್ ಕಮಾಂಡಿಗೆ ‘ಚೆಕ್‌ಸಮ್’ ಸೇರಿಸಿದ್ದೀವಿ, ಓದುವಾಗಲೇ ಪುಟ ಕೆಟ್ಟಿದ್ದರೆ ಗೊತ್ತಾಗಲಿ ಅಂತ. ಕಂಪ್ರೆಷನ್ ಬೇಕಿದ್ದರೆ ಬ್ಯಾಕಪ್ ಆದ ಮೇಲೆ ಝಿಪ್ ಮಾಡಿಕೊಳ್ಳಬಹುದು.

ಇಲ್ಲಿ ಎಲ್ಲರೂ ಎಡವೋ ಎರಡು ಜಾಗ ಹೇಳಿಬಿಡ್ತೀವಿ. ಒಂದು, ಬ್ಯಾಕಪ್ ಕಮಾಂಡಲ್ಲಿ ‘ಡಿ ಡ್ರೈವ್’ ಅಂತ ಬರೆದರೆ ಅದು ಸರ್ವರ್ ಇರೋ ಮೆಷಿನ್‌ನ ಡಿ ಡ್ರೈವ್, ನೀವು ಕೂತಿರೋ ಲ್ಯಾಪ್‌ಟಾಪ್‌ದಲ್ಲ. ಆ ಫೋಲ್ಡರ್‌ಗೆ ಬರೆಯೋ ಅನುಮತಿ ಇರಬೇಕಾದ್ದೂ ಸರ್ವರ್ ಓಡೋ ಸರ್ವಿಸ್ ಅಕೌಂಟ್‌ಗೆ, ನಿಮಗಲ್ಲ. ಎರಡು, ರಿಕವರಿ ಮಾಡೆಲ್ ‘ಫುಲ್’ ಇದ್ದರೆ ಲಾಗ್ ಬ್ಯಾಕಪ್ಪನ್ನೂ ತೆಗೀತಾ ಇರಬೇಕು. ಇಲ್ಲದಿದ್ದರೆ ಲಾಗ್ ಫೈಲ್ ಬೆಳೆದು ಬೆಳೆದು ಡಿಸ್ಕ್ ನುಂಗುತ್ತೆ. ಒಂದು ದಿನದ ಎಂಟ್ರಿ ಹೋದರೂ ಮತ್ತೆ ಬರೆದುಕೊಳ್ಳಬಹುದು ಅನ್ನೋ ನಮ್ಮಂಥ ಲೈಬ್ರರಿಗೆ ‘ಸಿಂಪಲ್’ ಸಾಕು.

ಇಂಪೋರ್ಟ್: ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆದಾಗ

ಡೇಟಾಬೇಸ್ ಎದ್ದು ನಿಂತಿತು. ಈಗ ಮೂರು ವರ್ಷದಲ್ಲಿ ಬಂದ ಹೊಸ ಪುಸ್ತಕಗಳನ್ನ ಸೇರಿಸಬೇಕಿತ್ತು. ಅವು ಎಕ್ಸೆಲ್‌ನಲ್ಲಿದ್ದವು. ಸಿಎಸ್‌ವಿ ಮಾಡಿ, ವಿಝಾರ್ಡ್‌ಗೆ ಕೊಟ್ಟು, ನೆಕ್ಸ್ಟ್ ನೆಕ್ಸ್ಟ್ ಒತ್ತಿದೆವು. ಒಂದೂ ಎರರ್ ಇಲ್ಲ. ಖುಷಿಯಲ್ಲಿ ಟೇಬಲ್ ತೆರೆದರೆ ಪುಸ್ತಕದ ಹೆಸರು ಇರಬೇಕಾದ ಕಡೆಯೆಲ್ಲ ????? ????.

ಇದು ಡಿಸ್ಪ್ಲೇ ಸಮಸ್ಯೆ ಅಲ್ಲ. ಡೇಟಾ ನಿಜವಾಗಿ ಹೋಗಿರುತ್ತೆ. ‘ವಾರ್‌ಚಾರ್’ ಅನ್ನೋ ಕಾಲಂ, ಸಾಮಾನ್ಯವಾಗಿ ಇನ್‌ಸ್ಟಾಲ್ ಆಗೋ ಲ್ಯಾಟಿನ್ ಕೊಲೇಷನ್‌ನಲ್ಲಿ, ಒಂದು ಅಕ್ಷರಕ್ಕೆ ಒಂದು ಬೈಟ್ ಕೊಡುತ್ತೆ. ಒಂದು ಬೈಟ್‌ನಲ್ಲಿ ಇರೋದು 256 ಜಾಗ. ಅದರಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಜಾಗ ಇಲ್ಲದ ಅಕ್ಷರವನ್ನ ಅದು ಪ್ರಶ್ನೆ ಚಿಹ್ನೆ ಮಾಡಿ ಬಿಸಾಕುತ್ತೆ. ವಾಪಸ್ ತರೋಕಾಗಲ್ಲ.

ಪರಿಹಾರ ‘ಎನ್‌ವಾರ್‌ಚಾರ್’. ಇದು ಯೂನಿಕೋಡ್ ಇಟ್ಟುಕೊಳ್ಳುತ್ತೆ. ಕನ್ನಡದ ಒಂದೊಂದು ಕೋಡ್‌ಗೆ ಎರಡು ಬೈಟ್. ನೀವೇ ಇನ್ಸರ್ಟ್ ಬರೆಯುವಾಗ ಕೋಟ್‌ನ ಮುಂದೆ ದೊಡ್ಡ ‘ಎನ್’ ಅಕ್ಷರ ಹಾಕಬೇಕು, ಇಲ್ಲದಿದ್ದರೆ ಕಾಲಂ ಸರಿ ಇದ್ದರೂ ದಾರಿಯಲ್ಲೇ ಕನ್ನಡ ಕಳೆದುಹೋಗುತ್ತೆ. 2019ರಿಂದ ಯುಟಿಎಫ್-8 ಕೊಲೇಷನ್ ಕೂಡ ಬಂದಿದೆ. ಅದರಲ್ಲಿ ವಾರ್‌ಚಾರ್‌ನಲ್ಲೂ ಕನ್ನಡ ಇಡಬಹುದು, ಆದ್ರೆ ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಕೋಡ್‌ಗೆ ಮೂರು ಬೈಟ್ ಬೇಕು. ಕನ್ನಡವೇ ಹೆಚ್ಚಿದ್ದರೆ ಎನ್‌ವಾರ್‌ಚಾರ್ ಜಾಗ ಉಳಿಸುತ್ತೆ.

ಕಾಲಂ ಎಷ್ಟು ಉದ್ದ ಇರಬೇಕು ಅನ್ನೋದರಲ್ಲೂ ನಾವು ಎಡವಿದೆವು. ‘ಕನ್ನಡ’ ಅನ್ನೋ ಪದ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಐದು: ಕ, ನ, ಹಲಂತ, ನ, ಡ. ಅಂದ್ರೆ ಎನ್‌ವಾರ್‌ಚಾರ್‌ನಲ್ಲಿ 10 ಬೈಟ್, ಯುಟಿಎಫ್-8ನಲ್ಲಿ 15 ಬೈಟ್. ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕಕ್ಕೆ ಬರ್ತವೆ. ಇಂಗ್ಲಿಷ್ ಅಂದಾಜಲ್ಲಿ 50 ಇಟ್ಟ ಕಾಲಂ ಉದ್ದದ ಹೆಸರಿಗೆ ಸಾಲಲಿಲ್ಲ. ಈಗ 200 ಇಟ್ಟಿದ್ದೀವಿ.

ಇನ್ನೊಂದು ತಮಾಷೆ ನೋಡಿ. ಹಳೇ ಪಟ್ಟಿಯ ಒಂದು ಭಾಗ ನುಡಿಯ ಹಳೇ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿತ್ತು. ಅದು ವಾರ್‌ಚಾರ್‌ಗೂ ಒಂದು ಅಕ್ಷರ ಕಳೀದೆ ಇಂಪೋರ್ಟ್ ಆಯ್ತು! ಯಾಕಂದ್ರೆ ಒಳಗೆ ಇರೋದು ಲ್ಯಾಟಿನ್ ಅಕ್ಷರಗಳೇ, ಫಾಂಟ್ ಮಾತ್ರ ಅವನ್ನ ಕನ್ನಡದ ರೂಪದಲ್ಲಿ ತೋರಿಸುತ್ತೆ. ಆದ್ರೆ ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗಲ್ಲ, ಅಕಾರಾದಿಯಲ್ಲಿ ಜೋಡಿಸಿದರೆ ಅರ್ಥ ಇಲ್ಲದ ಕ್ರಮ ಬರುತ್ತೆ. ಇಂಥದ್ದನ್ನ ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿ, ಆಮೇಲೆ ಇಂಪೋರ್ಟ್ ಮಾಡಿ. ಎರರ್ ಬರಲಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಅರ್ಥ ಅಲ್ಲ.

ಇಂಪೋರ್ಟ್‌ಗೆ ನಾವು ಈಗ ಪಾಲಿಸೋ ಕ್ರಮ ಇದು:

1. ಮೊದಲು ಬ್ಯಾಕಪ್. ಇದಾದ ಮೇಲೇ ಮುಂದಿನದೆಲ್ಲ.

2. ಎಕ್ಸೆಲ್‌ನಿಂದ ಸೇವ್ ಮಾಡುವಾಗ ಮಾಮೂಲಿ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಆರಿಸಿ.

3. ಪುಸ್ತಕದ ನಂಬರ್ 0047 ಇದ್ದದ್ದನ್ನ ಎಕ್ಸೆಲ್ 47 ಮಾಡುತ್ತೆ. ಐಎಸ್‌ಬಿಎನ್‌ನ 13 ಅಂಕಿಯನ್ನ ಘಾತದ ರೂಪಕ್ಕೆ ತಿರುಗಿಸುತ್ತೆ. ಆ ಕಾಲಂಗಳನ್ನ ಮೊದಲೇ ‘ಟೆಕ್ಸ್ಟ್’ ಮಾಡಿಡಿ.

4. ನೇರವಾಗಿ ಅಸಲಿ ಟೇಬಲ್‌ಗೆ ಹಾಕಬೇಡಿ. ಎಲ್ಲ ಕಾಲಂ ಎನ್‌ವಾರ್‌ಚಾರ್ ಇರೋ ಒಂದು ತಾತ್ಕಾಲಿಕ ಟೇಬಲ್‌ಗೆ ಮೊದಲು ಇಳಿಸಿ. ತಾರೀಕು, ಅಂಕಿ ಸರಿ ಇದೆಯಾ ನೋಡಿ, ಆಮೇಲೆ ಅಸಲಿಗೆ ಸೇರಿಸಿ. 03/04 ಅಂದ್ರೆ ನಮಗೆ ಏಪ್ರಿಲ್ 3, ಅಮೆರಿಕನ್ ಸೆಟ್ಟಿಂಗ್‌ಗೆ ಮಾರ್ಚ್ 4. ಇದಕ್ಕೆ ಎರರ್ ಬರಲ್ಲ, ತಪ್ಪು ತಾರೀಕು ಸದ್ದಿಲ್ಲದೆ ಒಳಗೆ ಕೂರುತ್ತೆ.

5. ಸಾಲು ಎಣಿಸಿ. ಫೈಲಿನಲ್ಲಿ ಎಷ್ಟು, ಟೇಬಲ್‌ನಲ್ಲಿ ಎಷ್ಟು?

ಎಕ್ಸ್‌ಪ್ರೆಸ್‌ನಲ್ಲಿ ವಿಝಾರ್ಡ್‌ನ ಸೆಟ್ಟಿಂಗ್ ಸೇವ್ ಆಗಲ್ಲ ಅಂದೆವಲ್ಲ, ಅದಕ್ಕೆ ‘ಬಲ್ಕ್ ಇನ್ಸರ್ಟ್’ ಕಮಾಂಡ್ ಬರೆದಿಟ್ಟುಕೊಂಡರೆ ಆಯ್ತು. 2017ರಿಂದ ಅದು ಸಿಎಸ್‌ವಿ ಫಾರ್ಮ್ಯಾಟನ್ನ ನೇರ ಓದುತ್ತೆ, ಹೆಸರಿನ ಮಧ್ಯೆ ಅಲ್ಪವಿರಾಮ ಇದ್ದರೆ ಕೋಟ್ ನೋಡಿ ಅರ್ಥ ಮಾಡಿಕೊಳ್ಳುತ್ತೆ. ಕೋಡ್‌ಪೇಜ್ 65001 ಅಂತ ಕೊಟ್ಟರೆ ಯುಟಿಎಫ್-8 ಅಂತ ತಿಳ್ಕೊಳ್ಳುತ್ತೆ. ಒಂದು ಸಲ ಬರೆದ ಕಮಾಂಡ್ ಮುಂದಿನ ಬ್ಯಾಚ್‌ಗೂ ಬರುತ್ತೆ.

ಬೇರೆ ಡೇಟಾಬೇಸ್‌ಗಳಲ್ಲಿ?

ನಿಮ್ಮ ಪ್ರಾಜೆಕ್ಟ್ ಮೈಎಸ್‌ಕ್ಯೂಎಲ್‌ನಲ್ಲಿದ್ದರೆ, ಕಮ್ಯುನಿಟಿ ಎಡಿಷನ್‌ಗೆ ಗಾತ್ರದ ಲೈಸೆನ್ಸ್ ಮಿತಿ ಇಲ್ಲ. ‘ಮೈಎಸ್‌ಕ್ಯೂಎಲ್‌ಡಂಪ್’ ಉಚಿತವಾಗಿ ಬರುತ್ತೆ, ಅದು ಡೇಟಾವನ್ನ ಎಸ್‌ಕ್ಯೂಎಲ್ ಸಾಲುಗಳಾಗಿ ಬರೆದುಕೊಡುತ್ತೆ. ಚಿಕ್ಕ ಡೇಟಾಗೆ ಸಾಕು, ದೊಡ್ಡದಾದರೆ ರಿಸ್ಟೋರ್ ನಿಧಾನ. ಡಿಸ್ಕಿನ ಫೈಲುಗಳನ್ನೇ ನಕಲು ಮಾಡೋ ‘ಎಂಟರ್‌ಪ್ರೈಸ್ ಬ್ಯಾಕಪ್’ ದುಡ್ಡಿನ ಎಡಿಷನ್‌ನದು. ಅದೇ ತರಹದ ಕೆಲಸವನ್ನ ಪರ್ಕೋನಾದ ಎಕ್ಸ್‌ಟ್ರಾಬ್ಯಾಕಪ್ ಉಚಿತವಾಗಿ ಮಾಡುತ್ತೆ. 8.0 ವರ್ಷನ್‌ನಿಂದ ಯುಟಿಎಫ್-8 ಎಂಬಿ4 ಡಿಫಾಲ್ಟ್ ಆಗಿರೋದರಿಂದ ಕನ್ನಡಕ್ಕೆ ತೊಂದರೆ ಕಡಿಮೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಎಡಿಷನ್ ಅನ್ನೋದೇ ಇಲ್ಲ. ಇರೋದೆಲ್ಲ ಎಲ್ಲರಿಗೂ. ಬ್ಯಾಕಪ್‌ಗೆ ‘ಪಿಜಿ ಡಂಪ್’, ಇಂಪೋರ್ಟ್‌ಗೆ ‘ಕಾಪಿ’ ಕಮಾಂಡ್. ಒರಾಕಲ್‌ನ ಉಚಿತ ಎಡಿಷನ್‌ನಲ್ಲಿ ನಿಮ್ಮ ಡೇಟಾಗೆ 12 ಜಿಬಿ, ಮೆಮೊರಿಗೆ 2 ಜಿಬಿ ಮಿತಿ ಇದೆ.

ಹಾಗಾದ್ರೆ ನಾವು ಯಾಕೆ ಪೋಸ್ಟ್‌ಗ್ರೆಸ್‌ಗೆ ಹೋಗಲಿಲ್ಲ ಅಂತ ಕೇಳಬಹುದು. ಹೊಸದಾಗಿ ಶುರು ಮಾಡಿದ್ದರೆ ಬಹುಶಃ ಹೋಗ್ತಿದ್ದೆವು. ಆದ್ರೆ ಅಕ್ಕ ಬರೆದ ಕ್ವೆರಿಗಳು, ಪುಸ್ತಕ ಕೊಡೋ ಸ್ಕ್ರೀನ್ ಎಲ್ಲ ಎಸ್‌ಕ್ಯೂಎಲ್ ಸರ್ವರ್‌ಗೆ ಬರೆದದ್ದು. ಅದನ್ನ ಬದಲಿಸೋಕೆ ಒಂದು ಸೆಮ್ ಬೇಕು, ನಮ್ಮ ಹತ್ರ ಇದ್ದದ್ದು ರಾಜ್ಯೋತ್ಸವದವರೆಗೆ.

ತೆರೆದು ನೋಡದ ಬ್ಯಾಕಪ್, ಬ್ಯಾಕಪ್ ಅಲ್ಲ

ಇದೆಲ್ಲ ನಮ್ಮಂಥ ಹುಡುಗರಿಗೆ ಮಾತ್ರ ಆಗೋದು ಅಂದುಕೊಳ್ಳಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾ ಅಳಿಸಿಬಿಟ್ಟರು. ದಿನಾ ಬ್ಯಾಕಪ್ ಆಗ್ತಿದೆ ಅಂತ ಎಲ್ಲರೂ ನಂಬಿದ್ದರು. ನೋಡಿದರೆ ಏನೂ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್‌ಗೆ ಓಡ್ತಿದ್ದ ಪಿಜಿ ಡಂಪ್ 9.2ರದ್ದು. ವರ್ಷನ್ ಹೊಂದದೆ ಅದು ಫೇಲ್ ಆಗ್ತಿತ್ತು. ಫೇಲ್ ಆಯ್ತು ಅಂತ ಹೇಳೋ ಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ ಒಬ್ಬರು ಬೇರೆ ಕೆಲಸಕ್ಕಾಗಿ ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಇತ್ತು. ಅದರಿಂದ ಉಳಿದರು. ಆ ಕಂಪನಿ ಇದನ್ನ ಮುಚ್ಚಿಡದೆ ಎಲ್ಲರೂ ಓದೋ ಹಾಗೆ ಬರೆದು ಹಾಕಿತು. ಅದನ್ನ ಓದಿದ ಮೇಲೆ ನಮಗೂ ನಮ್ಮ ಎಡವಟ್ಟನ್ನ ಬರೆಯೋ ಧೈರ್ಯ ಬಂದಿದ್ದು.

ಬ್ಯಾಕಪ್ ಫೈಲನ್ನ ‘ರಿಸ್ಟೋರ್ ವೆರಿಫೈಓನ್ಲಿ’ಯಿಂದ ಪರೀಕ್ಷೆ ಮಾಡಬಹುದು. ಅದು ಫೈಲ್ ಪೂರ್ತಿ ಇದೆಯಾ, ಓದೋಕಾಗುತ್ತಾ ಅಂತ ಹೇಳುತ್ತೆ, ಅಷ್ಟೇ. ನಿಜವಾದ ಪರೀಕ್ಷೆ ಅಂದ್ರೆ ಬೇರೆ ಮೆಷಿನ್‌ನಲ್ಲಿ, ನೀವು ಮುಂದೆ ಬಳಸಬೇಕಾದ ಎಡಿಷನ್‌ನಲ್ಲೇ ರಿಸ್ಟೋರ್ ಮಾಡಿ ನೋಡೋದು. ಅಕ್ಕನ ಫೈಲ್ ವೆರಿಫೈನಲ್ಲಿ ಪಾಸ್ ಆಗ್ತಿತ್ತು, ಎಕ್ಸ್‌ಪ್ರೆಸ್‌ನಲ್ಲಿ ಮಾತ್ರ ಏಳ್ತಿರಲಿಲ್ಲ.

ಕಾಪಿ ಎಷ್ಟಿರಬೇಕು ಅನ್ನೋದಕ್ಕೆ ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಜನಪ್ರಿಯಗೊಳಿಸಿದ 3-2-1 ಅನ್ನೋ ಲೆಕ್ಕ ಇದೆ: ಮೂರು ಕಾಪಿ, ಎರಡು ಬೇರೆ ಬಗೆಯ ಸ್ಟೋರೇಜ್, ಒಂದು ಬೇರೆ ಊರಲ್ಲೋ ಕಟ್ಟಡದಲ್ಲೋ. ಬೀರುವಿಗೆ ನೀರು ಇಳಿದ ಕತೆ ಕೇಳಿದ ಮೇಲೆ ಮೂರನೆಯದು ಯಾಕೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಈಗ ಒಂದು ಕಾಪಿ ಸಂಘದ ಪಿಸಿಯಲ್ಲಿ, ಒಂದು ಹಾರ್ಡ್‌ಡಿಸ್ಕಲ್ಲಿ, ಒಂದು ಕ್ಲೌಡ್‌ನಲ್ಲಿ ಇದೆ.

ನಿಮ್ಮ ಪ್ರಾಜೆಕ್ಟ್‌ಗೆ ಎಡಿಷನ್ ಆರಿಸೋ ಮುಂಚೆ ಈ ಐದು ಪ್ರಶ್ನೆ ಕೇಳ್ಕೊಳ್ಳಿ:

ಮೂರು ವರ್ಷ ಬಿಟ್ಟು ಡೇಟಾ ಎಷ್ಟು ಜಿಬಿ ಆಗಬಹುದು? ಚಿತ್ರ, ವಿಡಿಯೋ ಒಳಗೆ ಹಾಕ್ತೀರಾ?

ಕೊನೆಗೆ ಇದು ಓಡೋದು ಯಾರ ಮೆಷಿನ್‌ನಲ್ಲಿ? ಅಲ್ಲಿ ಯಾವ ವರ್ಷನ್, ಯಾವ ಎಡಿಷನ್?

ಬ್ಯಾಕಪ್ ತಾನೇ ಆಗಬೇಕಾ? ಏಜೆಂಟ್ ಇಲ್ಲದಿದ್ದರೆ ಯಾರು ಓಡಿಸ್ತಾರೆ?

ಇಂಪೋರ್ಟ್ ಒಂದೇ ಸಲವಾ, ಪ್ರತಿ ತಿಂಗಳಾ? ಕನ್ನಡ ಇದೆಯಾ?

ನೀವು ಪಾಸಾಗಿ ಹೋದ ಮೇಲೆ ಇದನ್ನ ತೆರೆಯೋರಿಗೆ ಏನು ಬರೆದಿಟ್ಟಿದ್ದೀರಿ?

ಕೊನೇ ಪ್ರಶ್ನೆಗೆ ಉತ್ತರವಾಗಿ ಹಾರ್ಡ್‌ಡಿಸ್ಕ್ ಮೇಲೆ ನಾವು ಹೊಸ ಟೇಪ್ ಅಂಟಿಸಿದ್ದೀವಿ. ವರ್ಷನ್, ಎಡಿಷನ್, ಗಾತ್ರ, ಯಾವತ್ತು ರಿಸ್ಟೋರ್ ಮಾಡಿ ನೋಡಿದ್ದು ಅಂತ ಅದರ ಮೇಲಿದೆ. ಡಿಸ್ಕಿನೊಳಗೆ ಒಂದು ಪುಟದ ಟೆಕ್ಸ್ಟ್ ಫೈಲೂ ಇದೆ, ಕನ್ನಡದಲ್ಲಿ. ಹಳೇ ಟೇಪನ್ನ ಕಿತ್ತಿಲ್ಲ, ಹೊಸದನ್ನ ಅದರ ಕೆಳಗೆ ಹಚ್ಚಿದ್ದೀವಿ.

ಭಿತ್ತಿಪತ್ರಿಕೆಯ ಪುಟಗಳು ಈಗ ಸಂಘದ ಪಿಸಿಯಲ್ಲಿ ನೋಡೋಕೆ ಸಿಗ್ತವೆ. ಸಂಜೆ ನಾಲ್ಕರಿಂದ ಐದೂವರೆ, ಯಾರು ಬೇಕಾದರೂ ಬನ್ನಿ. 4:15ಕ್ಕೆ ಮಾತ್ರ ಪಿಸಿ ಆಫ್ ಮಾಡಬೇಡಿ!